ಸೊಪ್ಪು-ಬೆಳ್ಳುಳ್ಳಿಯ ರೊಟ್ಟಿ: ತಟ್ಟುವ ಕೈ ಒಂದೇ ಇರಬೇಕೆ?

ಬೇಕರಿಗಳ ಗಾಜಿನ ಕಪಾಟಿನಲ್ಲಿ ಈಗ ಬೆಳ್ಳುಳ್ಳಿ ಬ್ರೆಡ್ಡೂ ಬಂದು ಕುಳಿತಿದೆ. ಮೈದಾದ ಬ್ರೆಡ್ಡಿಗೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಣಸೊಪ್ಪಿನ ಪುಡಿ ಸವರಿ ಬಿಸಿ ಮಾಡಿದ ಈ ತಿನಿಸು ಮಕ್ಕಳಿಗೆ ಬಲು ಇಷ್ಟ. ಇದನ್ನು ಮನೆಯಲ್ಲಿಯೇ ಮಾಡಬಹುದೇ, ಅದಕ್ಕೆ ಎಂಥ ಓವನ್ ಬೇಕು ಎಂದು ವಿಚಾರಿಸುವ ತಾಯಂದಿರೂ ಇದ್ದಾರೆ. ವಿಚಾರಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಕುಳಿತು ಈ ಪ್ರಶ್ನೆ ಕೇಳುವವರು ಮೊದಲು ತಮ್ಮ ಅಡುಗೆಮನೆಯ ಹಂಚಿನ ಕಡೆಗೊಮ್ಮೆ ನೋಡಬೇಕು. ಸೊಪ್ಪು, ಬೆಳ್ಳುಳ್ಳಿ ಸೇರಿಸಿ ಮಾಡುವ ರೊಟ್ಟಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಓವನ್ ಬೇಡ, ಈಸ್ಟ್ ಬೇಡ. ಅರ್ಧ ಗಂಟೆಯ ಕೆಲಸ.

ಪೌಷ್ಟಿಕಾಂಶದ ಲೆಕ್ಕವನ್ನು ಬೇಗ ಮುಗಿಸೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವೂ 4 ಮಿಲಿಗ್ರಾಂ ಕಬ್ಬಿಣಾಂಶವೂ ಇವೆ. ಮೈದಾದಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ಕಬ್ಬಿಣ 2 ಮಿಲಿಗ್ರಾಂಗಿಂತ ಕಡಿಮೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣ ಇನ್ನೂ ಅತ್ಯಲ್ಪ. ಇಡೀ ಗೋಧಿಯ ಹಿಟ್ಟು ಮಾತ್ರ ಜೋಳಕ್ಕೆ ಸರಿಸಮ. ಆದ್ದರಿಂದ ಚಪಾತಿಯನ್ನು ದೂರುವ ಕಾರಣವಿಲ್ಲ. ಬ್ರೆಡ್ಡಿಗೆ ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಎಂಬ ರಾಸಾಯನಿಕವನ್ನು 2016ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಹಾಗಾಗಿ ಬ್ರೆಡ್ಡೆಂದರೆ ವಿಷ ಎಂದು ಹೆದರಿಸುವುದೂ ಬೇಡ. ಅದು ಮೈದಾ, ಅಷ್ಟೇ. ದಿನನಿತ್ಯದ ಆಹಾರವಾಗಲು ಯೋಗ್ಯವಲ್ಲ.

ಇಷ್ಟು ಬಹುತೇಕ ಎಲ್ಲರಿಗೂ ಗೊತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಜೋಳದ ಗುಣಗಾನ ಸಾಕಷ್ಟು ನಡೆಯಿತು. ಹಾಗಿದ್ದರೂ ನಮ್ಮ ಮನೆಗಳಲ್ಲಿ ರೊಟ್ಟಿ ಏಕೆ ಕಡಿಮೆಯಾಗುತ್ತಿದೆ? ಉತ್ತರ ಸರಳವಾಗಿದೆ. ಮನೆಯಲ್ಲಿ ಐದಾರು ಜನರಿದ್ದರೂ ರೊಟ್ಟಿ ಬರುವುದು ಒಬ್ಬರಿಗೆ ಮಾತ್ರ. ಅವರ ಮಣಿಕಟ್ಟು ನೋಯತೊಡಗಿದರೆ, ಅವರು ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಆಸ್ಪತ್ರೆ ಸೇರಿದರೆ, ಅಂದೇ ಆ ಮನೆಯ ರೊಟ್ಟಿ ನಿಂತುಹೋಗುತ್ತದೆ. ಉಳಿದವರು ಅನ್ನ, ಬ್ರೆಡ್ಡು, ಹೋಟೆಲಿನ ತಿಂಡಿಗೆ ಹೊಂದಿಕೊಳ್ಳುತ್ತಾರೆ. ಎರಡು ತಿಂಗಳಲ್ಲಿ ಅದೇ ರೂಢಿಯಾಗುತ್ತದೆ.

ಆ ಒಬ್ಬರ ಆರೋಗ್ಯದ ಬಗ್ಗೆ ನಾವು ಎಂದಾದರೂ ಯೋಚಿಸಿದ್ದೇವೆಯೇ? ಹುನಗುಂದದ ಎರೆಸೀಮೆಯ ಕೂಡುಕುಟುಂಬವೊಂದರಲ್ಲಿ ದಿನಕ್ಕೆ ಇಪ್ಪತ್ತು, ಮೂವತ್ತು ರೊಟ್ಟಿ ದೊಡ್ಡ ಮಾತಲ್ಲ. ನೆಲದ ಮೇಲೆ ಕುಳಿತು, ಬಾಗಿ, ಅಂಗೈಯಿಂದ ಬಡಿಯುತ್ತಲೇ ಇರಬೇಕು. ಗ್ಯಾಸು ಬಂದಿದ್ದರೂ ರೊಟ್ಟಿಗೆ ಕಟ್ಟಿಗೆಯ ಒಲೆಯೇ ಬೇಕೆನ್ನುವ ಮನೆಗಳು ಹಲವು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಆ ಹೊಗೆಯನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ, ಬೀಡಿ ಮುಟ್ಟದಿದ್ದರೂ, ಬೀಡಿ ಸೇದುವವರಿಗೆ ಬರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯೇ ಬರಬಹುದು. ಇಳಕಲ್ಲಿನ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವ ಕೈಯೇ ರೊಟ್ಟಿಯನ್ನೂ ತಟ್ಟಬೇಕು. ಎಲ್ಲರಿಗೂ ಬಿಸಿ ಬಡಿಸಿ ಕೊನೆಗೆ ತಾನು ಕುಳಿತಾಗ ಪಲ್ಯ ತಳ ಕಂಡಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದೊಳಗಿನ ಕರ್ನಾಟಕದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಮನೆಮಂದಿಗೆ ಆರೋಗ್ಯದ ಊಟ ಹಾಕುವವರೇ ಬಿಳಿಚಿಕೊಂಡಿದ್ದರೆ ಆ ಊಟವನ್ನು ನಾವು ಹೇಗೆ ಹೊಗಳುವುದು?

ಆದ್ದರಿಂದ ನನ್ನ ಸಲಹೆ ಇಷ್ಟೇ. ಹನ್ನೆರಡು ವರ್ಷ ದಾಟಿದ ಪ್ರತಿಯೊಬ್ಬರೂ, ಹುಡುಗರೂ ಸೇರಿ, ತಮ್ಮ ಪಾಲಿನ ರೊಟ್ಟಿಯನ್ನು ತಾವೇ ಮಾಡಿಕೊಳ್ಳಲು ಕಲಿಯಬೇಕು. "ಗಂಡಹುಡುಗನ ಕೈಯಾಗ ರೊಟ್ಟಿ ಬಡಸ್ತೀರೇನ್ರೀ?" ಎಂದು ಅಜ್ಜಿಯರು ನಗಬಹುದು. ಮಠದ ದಾಸೋಹಗಳಲ್ಲಿ ನೂರಾರು ಜನರಿಗೆ ಅಡುಗೆ ಮಾಡುವ ಗಂಡಸರನ್ನು ನೋಡಿ ಅವರು ನಗುವುದಿಲ್ಲ ಎಂಬುದನ್ನು ಮೆಲ್ಲಗೆ ನೆನಪಿಸಿ.

ಆದರೆ ಹೊಸಬರು ಬಿಳಿ ಜೋಳದ ತೆಳುರೊಟ್ಟಿಯಿಂದ ಆರಂಭಿಸಬಾರದು. ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಚಟ್ನಿ, ಕೆನೆಮೊಸರು ಮಾರುವ ಹೆಣ್ಣುಮಕ್ಕಳ ರೊಟ್ಟಿಯನ್ನು ತಿಂದಿದ್ದೀರಲ್ಲ? ಅಂಥ ರೊಟ್ಟಿಯ ಹಿಂದೆ ಹತ್ತಾರು ವರ್ಷದ ಕೈಪಳಗಿಕೆ ಇರುತ್ತದೆ. ಮೊದಲ ದಿನವೇ ಅದನ್ನು ಮಾಡಹೋದರೆ ರೊಟ್ಟಿ ಹರಿದು, ಉತ್ಸಾಹವೂ ಹರಿಯುತ್ತದೆ. ಹೊಸಬರಿಗೆ ತಕ್ಕದ್ದು ತಾಲಿಪಟ್ಟು, ಅಂದರೆ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ ಕಲಸಿದ ದಪ್ಪ ರೊಟ್ಟಿ. ಇದು ದುಂಡಗಾಗಬೇಕಿಲ್ಲ, ಉಬ್ಬಬೇಕಿಲ್ಲ, ಬಡಿಯುವ ಕೆಲಸವೂ ಇಲ್ಲ.

ಆರು ರೊಟ್ಟಿಗೆ ಎರಡು ಬಟ್ಟಲು (ಸುಮಾರು 250 ಗ್ರಾಂ) ಜೋಳದ ಹಿಟ್ಟು, ಕಾಲು ಬಟ್ಟಲು ಕಡಲೆಹಿಟ್ಟು, ಕಾಲು ಬಟ್ಟಲು ಗೋಧಿಹಿಟ್ಟು ಸಾಕು. ಒಂದು ಬಟ್ಟಲು ಮೆಂತ್ಯಸೊಪ್ಪು, ಅರ್ಧ ಬಟ್ಟಲು ಕೊತ್ತಂಬರಿ, ಒಂದು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿಕೊಳ್ಳಿ. ಎಂಟು-ಹತ್ತು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಿಗೆಯನ್ನು ಒಟ್ಟಿಗೆ ಜಜ್ಜಿ. ಹೆಚ್ಚಿದ್ದು, ಜಜ್ಜಿದ್ದು ಎಲ್ಲವನ್ನೂ ಪರಾತಕ್ಕೆ ಹಾಕಿ, ಮುಕ್ಕಾಲು ಚಮಚ ಉಪ್ಪು, ಚಿಟಿಕೆ ಅರಿಶಿಣ, ಒಂದಿಷ್ಟು ಎಳ್ಳು ಸೇರಿಸಿ ಕೈಯಿಂದ ಹಿಸುಕಿ ಐದು ನಿಮಿಷ ಬಿಡಿ. ಸೊಪ್ಪು ತನ್ನ ನೀರನ್ನು ಬಿಟ್ಟುಕೊಳ್ಳುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಮೊದಲೇ ಅಳತೆ ಮಾಡಿ ನೀರು ಹಾಕಿ, ಆಮೇಲೆ ಸೊಪ್ಪಿನ ನೀರೂ ಸೇರಿ ಹಿಟ್ಟು ಅಂಬಲಿಯಂತಾಗುತ್ತದೆ.

ಇನ್ನೊಂದು ಪಾತ್ರೆಯಲ್ಲಿ ಜೋಳದ ಹಿಟ್ಟಿಗೆ ಮುಕ್ಕಾಲು ಬಟ್ಟಲು ಕುದಿಯುವ ಎಸರು ಹೊಯ್ದು ಚಮಚದಿಂದ ಕಲಸಿ ಮುಚ್ಚಿಡಿ. ಎಸರು ಏಕೆ ಬೇಕು? ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಸಸಾರಜನಕವಿದೆ. ಬ್ರೆಡ್ಡು ಉಬ್ಬುವುದು, ಚಪಾತಿ ಎಳೆದರೆ ಹಿಗ್ಗುವುದು ಅದರಿಂದ. ಜೋಳದಲ್ಲಿ ಅದಿಲ್ಲ. ಕುದಿನೀರು ಬಿದ್ದಾಗ ಜೋಳದ ಪಿಷ್ಟವೇ ಬೆಂದು ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಕೈ ತಾಳುವಷ್ಟು ಆರಿದ ಮೇಲೆ ಇದನ್ನೂ ಉಳಿದೆರಡು ಹಿಟ್ಟನ್ನೂ ಸೊಪ್ಪಿಗೆ ಸೇರಿಸಿ ಚೆನ್ನಾಗಿ ನಾದಿ. ಬಿಗಿಯೆನಿಸಿದರೆ ಚಮಚೆಯಷ್ಟೇ ಬಿಸಿನೀರು ಚಿಮುಕಿಸಿ. ಹದ ಚಪಾತಿ ಹಿಟ್ಟಿಗಿಂತ ಮೆತ್ತಗಿರಲಿ. ಹಿಟ್ಟು ಹೊಸದಾಗಿರುವುದು ಮುಖ್ಯ. ಬೀಸಿ ತಿಂಗಳಾದ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಕಹಿಯೂ ತಿರುಗುತ್ತದೆ. ವಾರಕ್ಕಾಗುವಷ್ಟೇ ಗಿರಣಿಗೆ ಕಳಿಸಿ.

ಒದ್ದೆ ಮಾಡಿ ಹಿಂಡಿದ ಶುಭ್ರವಾದ ಹತ್ತಿ ಬಟ್ಟೆಯ ಮೇಲೆ ಒಂದು ಉಂಡೆಯನ್ನಿಟ್ಟು, ನೀರು ಮುಟ್ಟಿದ ಬೆರಳುಗಳಿಂದ ಅಂಗೈ ಅಗಲಕ್ಕಿಂತ ತುಸು ದೊಡ್ಡದಾಗಿ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ. ಕಾದ ಹಂಚಿಗೆ ಅರ್ಧ ಚಮಚ ಎಣ್ಣೆ ಸವರಿ, ಬಟ್ಟೆಸಮೇತ ಎತ್ತಿ ರೊಟ್ಟಿಯನ್ನು ಕವುಚಿ, ಬಟ್ಟೆಯನ್ನು ಮೆಲ್ಲಗೆ ಸುಲಿಯಿರಿ. ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಮೂರು ನಿಮಿಷ, ತಿರುವಿ ಅರ್ಧ ಚಮಚ ಎಣ್ಣೆ ಬಿಟ್ಟು ಮತ್ತೆರಡು ನಿಮಿಷ. ಮೇಜಿನೆತ್ತರದ ಗ್ಯಾಸಿನ ಒಲೆಯ ಮುಂದೆ ನಿಂತೇ ಮಾಡಬಹುದಾದ್ದರಿಂದ ಮೊಣಕಾಲು ನೋವಿನವರಿಗೂ ಅನುಕೂಲ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯವರು ಮನೆಯಲ್ಲಿದ್ದರೆ ಗೋಧಿಹಿಟ್ಟನ್ನು ಬಿಟ್ಟು ಅಷ್ಟೇ ಕಡಲೆಹಿಟ್ಟು ಹೆಚ್ಚಿಸಿ. ಜೋಳವನ್ನೂ ಗೋಧಿಯ ಬೆನ್ನಿಗೇ ಗಿರಣಿಗೆ ಹಾಕಿಸಬೇಡಿ.

ಕಡಲೆಹಿಟ್ಟು ಬರೀ ರುಚಿಗಲ್ಲ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳುಗಳಲ್ಲಿ ಅದು ಧಾರಾಳ. ಜೋಳವೊಂದನ್ನೇ ನೆಚ್ಚಿಕೊಂಡ ಬಡವರಲ್ಲಿ ಚರ್ಮ ಕಪ್ಪಾಗಿ ಸುಲಿಯುವ ಪೆಲಾಗ್ರಾ ರೋಗ ಕಾಣಿಸಿಕೊಳ್ಳುತ್ತಿದ್ದುದನ್ನು ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ 1960ರಲ್ಲಿಯೇ ವರದಿ ಮಾಡಿದ್ದರು. ರೊಟ್ಟಿಯ ಜೊತೆ ಮಡಕಿಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಇಡುವ ನಮ್ಮ ಪದ್ಧತಿ ಎಷ್ಟು ವಿವೇಕದ್ದು ಎಂಬುದು ಇದರಿಂದ ತಿಳಿಯುತ್ತದೆ. ರೊಟ್ಟಿ, ಕೆಂಪುಖಾರ ಇಷ್ಟರಲ್ಲೇ ಊಟ ಮುಗಿಸುವುದು ವಿವೇಕವಲ್ಲ.

ಮಧುಮೇಹಿಗಳಿಗೊಂದು ಮಾತು. "ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರದು" ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಹಳ. ಇದು ನಿಜವಲ್ಲ. ಜೋಳದಲ್ಲಿಯೂ ಹೆಚ್ಚಿನ ಭಾಗ ಪಿಷ್ಟವೇ. ನಾರು, ಸೊಪ್ಪು, ಕಾಳು ಜೊತೆಗಿದ್ದರೆ ಸಕ್ಕರೆ ನಿಧಾನವಾಗಿ ಏರುತ್ತದೆ, ಅಷ್ಟೇ. ಮೇಲೆ ಹೇಳಿದ ಒಂದು ರೊಟ್ಟಿಯಲ್ಲಿ ಎಣ್ಣೆ ಸೇರಿ ಇನ್ನೂರಕ್ಕಿಂತ ಹೆಚ್ಚು ಕ್ಯಾಲರಿ ಇದೆ. ಹೊಲದಲ್ಲಿ ದುಡಿಯುವವರಿಗೆ ನಾಲ್ಕು ಸರಿ. ಅಂಗಡಿಯ ಗಲ್ಲೆಯ ಮೇಲೆ ಇಡೀ ದಿನ ಕೂರುವವರಿಗೆ ಎರಡು ಸಾಕು.

ಬೆಳ್ಳುಳ್ಳಿಯ ಬಗ್ಗೆಯೂ ಅತಿಯಾದ ಭರವಸೆ ಬೇಡ. ಜಜ್ಜಿದಾಗ ಹುಟ್ಟುವ ಆಲಿಸಿನ್ ಎಂಬ ಗಂಧಕಯುಕ್ತ ದ್ರವ್ಯಕ್ಕೆ ಗುಣಗಳಿವೆ. ಆದರೆ ಹಂಚಿನ ಕಾವಿಗೆ ಅದರ ಬಹುಭಾಗ ನಾಶವಾಗುತ್ತದೆ. ರೊಟ್ಟಿಯಲ್ಲಿನ ಬೆಳ್ಳುಳ್ಳಿ ರುಚಿಗೆ, ಉಪ್ಪು ಕಡಿಮೆ ಮಾಡಿದರೂ ಸಪ್ಪೆಯೆನಿಸದಿರಲು. ಅದನ್ನು ನಂಬಿ ರಕ್ತದೊತ್ತಡದ ಗುಳಿಗೆ ನಿಲ್ಲಿಸುವವರು ಅಪಾಯವನ್ನು ಕರೆದುಕೊಳ್ಳುತ್ತಾರೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ಹಸಿಬೆಳ್ಳುಳ್ಳಿಯನ್ನು ಹೆಚ್ಚಾಗಿ ತಿನ್ನುವ ಮೊದಲು ವೈದ್ಯರನ್ನು ಕೇಳಲೇಬೇಕು.

ರಕ್ತಹೀನತೆ ಇರುವವರು ರೊಟ್ಟಿಯ ಜೊತೆ ನಿಂಬೆಹಣ್ಣು ಹಿಂಡಿದ ಸೌತೆಕಾಯಿ ಇಲ್ಲವೆ ಹಸಿ ಟೊಮೇಟೊ ತಿನ್ನಲಿ. ಸಿ ಜೀವಸತ್ವವು ಜೋಳ ಮತ್ತು ಸೊಪ್ಪಿನ ಕಬ್ಬಿಣ ದೇಹಕ್ಕೆ ಹಿಡಿಯಲು ನೆರವಾಗುತ್ತದೆ. ಚಹಾ ಅದನ್ನು ತಡೆಯುತ್ತದೆ. ಊಟವಾದ ಕೂಡಲೇ ಬಿಸಿ ಚಹಾ ಕುಡಿಯುವ ಅಭ್ಯಾಸವನ್ನು ಒಂದು ತಾಸು ಮುಂದಕ್ಕೆ ಹಾಕಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಮಾತ್ರ ರೊಟ್ಟಿಯ ಭರವಸೆಯ ಮೇಲೆ ಬಿಡಬೇಡಿ.

ಭಾನುವಾರ ಬೆಳಿಗ್ಗೆ ಮಗನನ್ನೋ ಯಜಮಾನರನ್ನೋ ಹಂಚಿನ ಮುಂದೆ ನಿಲ್ಲಿಸಿ. ರೊಟ್ಟಿಯ ತಾಯಿಯನ್ನು ಮೊದಲು ಊಟಕ್ಕೆ ಕೂರಿಸಿ. ಮುಂದೆ ಸಾದಾ ರೊಟ್ಟಿಗೆ ಕೈ ಹಾಕಿದಾಗ ಅದು ದಪ್ಪವಾದರೆ, ಹರಿದರೆ ಎಸೆಯಬೇಡಿ. ಬಿಸಿ ಇರುವಾಗಲೇ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಚಿಟಿಕೆ ಉಪ್ಪಿನೊಡನೆ ಕುಟ್ಟಿ, ಒಂದು ಚಮಚ ತುಪ್ಪ ಹಾಕಿ ಮುಷ್ಟಿಯಲ್ಲಿ ಹಿಡಿದರೆ ಮುಟಗಿಯಾಗುತ್ತದೆ. ಮುಟಗಿಗೆ ದಪ್ಪ ರೊಟ್ಟಿಯೇ ಬೇಕು.