ಬೆದರಿಸಿದವನ ದನಿ ಹಿಡಿಯಲು ಯಾರ ಅಪ್ಪಣೆ ಬೇಕು?

ಸಾಲದ ಕಂತು ನಾಲ್ಕು ದಿನ ತಡವಾದರೆ ಸಾಕು, ಗಿರಣಿ ಕೂಲಿಗಾರನ ಫೋನು ಅಪರಾತ್ರಿಯಲ್ಲಿ ಬಡಿದುಕೊಳ್ಳುತ್ತದೆ. ಮೊದಲು ಬೈಗುಳ, ಆಮೇಲೆ ಕೈಕಾಲು ಮುರಿಸುವ ಮಾತು. ಸಂಜೆ 7ರ ಮೇಲೆ ವಸೂಲಿಗೆ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿತು. ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಆದರೂ ಆ ಮಾತನ್ನು ಹಿಡಿದಿಟ್ಟುಕೊಂಡ ಚಿಲ್ಲರೆ ವ್ಯಾಪಾರಿಗೆ ಮರುದಿನ ಅದೇ ದನಿ ಕಾನೂನು ಬೋಧಿಸುತ್ತದೆ: "ನನ್ನ ಒಪ್ಪಿಗೆಯಿಲ್ಲದೆ ರೆಕಾರ್ಡು ಮಾಡಿದ್ದು ಅಪರಾಧ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೆದರಿಸದವನಿಗೆ ಈ ಭಯವೇಕೆ ಎಂದು ನಾವು ಕೇಳುತ್ತೇವೆ.

ಈ ಪ್ರಶ್ನೆ ಹೊಸದಲ್ಲ. ಮುಂಬಯಿಯ ಅಧಿಕಾರಿಯೊಬ್ಬ ಲಂಚ ಕೇಳಿದಾಗ, ವೈದ್ಯರೊಬ್ಬರ ಒಪ್ಪಿಗೆ ಪಡೆದು ಪೊಲೀಸರು ಅವರ ಫೋನಿಗೆ ಟೇಪು ಯಂತ್ರ ಜೋಡಿಸಿದರು. ಅಧಿಕಾರಿಯ ಒಪ್ಪಿಗೆ ಯಾರೂ ಕೇಳಲಿಲ್ಲ. ಮಲ್ಕಾನಿ ಮೊಕದ್ದಮೆ ಎಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟು 1972ರಲ್ಲಿ ತೀರ್ಪಿತ್ತಿತು: ಮಾತಾಡುವ ಇಬ್ಬರಲ್ಲಿ ಒಬ್ಬರು ಒಪ್ಪಿದ್ದರಿಂದ 1885ರ ತಂತಿ ಕಾಯಿದೆಯ ಉಲ್ಲಂಘನೆಯಾಗಿಲ್ಲ, ದನಿ ಯಾರದೆಂದು ಗುರುತಾಗಿ, ಮುದ್ರಣ ತಿದ್ದಿದ್ದಲ್ಲವೆಂದು ರುಜುವಾತಾದರೆ ಅದು ಸಾಕ್ಷ್ಯ. ಗಂಡಹೆಂಡಿರ ವ್ಯಾಜ್ಯದಲ್ಲಿ ಗುಟ್ಟಾಗಿ ಮುದ್ರಿಸಿದ ಮಾತನ್ನೂ ಅದೇ ಕೋರ್ಟು 2025ರ ಜುಲೈನಲ್ಲಿ ಸಾಕ್ಷ್ಯವಾಗಿ ಒಪ್ಪಿತು.

ಇಬ್ಬರ ಮಾತಿಗೆ ಮೂರನೆಯವನು ಕಿವಿಗೊಡುವುದು ಬೇರೆ ಸಂಗತಿ. ಸರ್ಕಾರವೇ ಕದ್ದಾಲಿಸಬೇಕಾದರೂ ಗೃಹ ಇಲಾಖೆಯ ಮೇಲಧಿಕಾರಿಯ ಆಜ್ಞೆ ಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ವಿಧಿಸಿತು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸ್ಥಿರವಾಯಿತು. ಆ ಹಕ್ಕು ದುಡಿಯುವ ಜನಕ್ಕೂ ಬೇಕು. ಆದರೆ ಬಡವನ ಮನೆಯ ನೆಮ್ಮದಿ ಕೆಡಿಸಿದವನು ಅದೇ ಹಕ್ಕಿನ ಮರೆಯಲ್ಲಿ ಅಡಗುವುದನ್ನು ನಾವು ಒಪ್ಪುವುದಿಲ್ಲ.

ನಿಜವಾದ ತೊಡಕು ಬೇರೆಡೆ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಇಂಥ ಮುದ್ರಣದ ಪ್ರತಿಯನ್ನು ಕೋರ್ಟಿಗೆ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಪರಿಣತನೊಬ್ಬನ ಸಹಿಯೂ ಬೇಕು. ತಿದ್ದಿದ ಸಾಕ್ಷ್ಯ ನುಸುಳಬಾರದು, ಸರಿಯೇ. ಆದರೆ ದಿನಗೂಲಿಯವನು ಆ ಪರಿಣತನನ್ನು ಎಲ್ಲಿ ಹುಡುಕಬೇಕು? ಅವನ ಶುಲ್ಕ ಯಾರು ಕೊಡಬೇಕು? ಹಕ್ಕು ಕೊಟ್ಟು ಬಾಗಿಲಿಗೆ ಬೀಗ ಹಾಕಿದರೆ ಅದು ಎಂಥ ನ್ಯಾಯ? ಪ್ರತಿ ತಾಲ್ಲೂಕಿನಲ್ಲೂ ಈ ಪ್ರಮಾಣಪತ್ರ ಉಚಿತವಾಗಿ ಸಿಗುವ ಏರ್ಪಾಡನ್ನು ಸರ್ಕಾರ ಮಾಡಲೇಬೇಕು. ಮುದ್ರಣ ತಂದವನನ್ನೇ ಗದರಿಸಿ ಕಳಿಸುವ ಪೊಲೀಸು ಠಾಣೆಯ ಚಾಳಿ ನಿಲ್ಲಬೇಕು.

ಬಂಧುಗಳೇ, ಬೆದರಿಕೆ ಬಂದರೆ ಮುದ್ರಿಸಿ. ಕತ್ತರಿಸಬೇಡಿ, ಅಳಿಸಬೇಡಿ, ಊರಿಗೆಲ್ಲ ಹಂಚಲೂ ಬೇಡಿ. ಮೂಲ ಫೋನನ್ನು ಜೋಪಾನವಾಗಿಟ್ಟು, ದಿನ, ವೇಳೆ, ನಂಬರು ಬರೆದು ಲಿಖಿತ ದೂರು ಕೊಡಿ, ರಸೀತಿ ಕೇಳಿ. ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಂತೆ ಬೆದರಿಕೆಗೆ 2 ವರ್ಷದವರೆಗೆ, ಕೊಲೆ ಬೆದರಿಕೆಗೆ 7 ವರ್ಷದವರೆಗೆ ಸಜೆಯುಂಟು. ಒಬ್ಬರೇ ಹೋಗಬೇಡಿ, ಸಂಘದ ನಾಲ್ವರನ್ನು ಜೊತೆಗೆ ಕರೆದೊಯ್ಯಿರಿ. ಹೆದರಬೇಕಾದವನು ಬೆದರಿಸಿದವನು, ನೀವಲ್ಲ!