ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ?

ಸಹೋದರಿಯರೇ, ಮನೆ ಕಟ್ಟಿಸುವಾಗ ಅಡುಗೆಮನೆಯ ಬಗ್ಗೆ ನಮ್ಮನ್ನು ಕೇಳುತ್ತಾರೆ. ಕಟ್ಟೆ ಎಷ್ಟು ಎತ್ತರ ಇರಬೇಕು, ಸಿಂಕ್ ಎಲ್ಲಿ ಬರಬೇಕು ಎಂದು ನಾವೂ ಹೇಳುತ್ತೇವೆ. ಬಚ್ಚಲಿನ ವಿಷಯ ಬಂದಾಗ ಮಾತ್ರ ನಮ್ಮ ಪಾಲಿಗೆ ಉಳಿಯುವುದು ಟೈಲ್ಸ್‌ನ ಬಣ್ಣ ಆರಿಸುವ ಕೆಲಸ. ಉಳಿದುದನ್ನೆಲ್ಲ ಮೇಸ್ತ್ರಿ ಮತ್ತು ಪ್ಲಂಬರ್ ತೀರ್ಮಾನಿಸುತ್ತಾರೆ. ಎರಡು ವರ್ಷ ಕಳೆದು ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಹಳದಿ ಕಲೆ ಮೂಡಿ, ಬಣ್ಣ ಸಿಪ್ಪೆಯಂತೆ ಎದ್ದು ಬಂದಾಗ, ಆ ಮನೆಯಾಕೆ ಬಂದು ಬಾಗಿಲು ತಟ್ಟುವುದು ಮೇಸ್ತ್ರಿಯದ್ದಲ್ಲ, ನಮ್ಮದು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತಮುತ್ತ ಮೂವತ್ತು-ನಲವತ್ತರ ನಿವೇಶನದಲ್ಲಿ ಮೂರು ಅಂತಸ್ತು ಎಬ್ಬಿಸಿ, ಒಂದರಲ್ಲಿ ತಾವಿದ್ದು ಉಳಿದುದನ್ನು ಬಾಡಿಗೆಗೆ ಕೊಡುವ ಕುಟುಂಬಗಳು ಬಹಳ. ಒಬ್ಬರ ಬಚ್ಚಲಿನ ಕೆಳಗೆ ಇನ್ನೊಬ್ಬರು ಮಲಗುತ್ತಾರೆ, ನಮಾಝ್ ಮಾಡುತ್ತಾರೆ. ಈ ಕಡೆಯ ಹೊಸ ಮನೆಗಳಲ್ಲಿ ಈಗ ಮೂಲೆಯ ಚೌಕ ಜಾಲರಿಯ ಬದಲು, ಗೋಡೆಯುದ್ದಕ್ಕೂ ಸ್ಟೀಲ್ ಪಟ್ಟಿಯಂತೆ ಕಾಣುವ ಡ್ರೈನ್ ಹಾಕಿಸುವವರಿದ್ದಾರೆ. ಅಂಗಡಿಯಲ್ಲಿ ಲೀನಿಯರ್ ಡ್ರೈನ್ ಅಥವಾ ಶವರ್ ಚಾನಲ್ ಎಂದರೆ ತೋರಿಸುತ್ತಾರೆ. ಇದನ್ನು ಹಾಕಿಸಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಹಾಕಿಸಿ, ಆದರೆ ಪಟ್ಟಿಯ ಮೇಲೆ ಖರ್ಚು ಮಾಡುವ ಮೊದಲು ಅದರ ಕೆಳಗಿನ ಕೆಲಸಕ್ಕೆ ಖರ್ಚು ಮಾಡಿ.

ಇದರ ಲಾಭ ಚೆಂದದಲ್ಲಿ ಮಾತ್ರ ಇಲ್ಲ. ಚೌಕ ಜಾಲರಿಗೆ ನೆಲವನ್ನು ನಾಲ್ಕೂ ಕಡೆಯಿಂದ ಇಳಿಸಬೇಕು, ಟೈಲ್ಸ್ ಅಡ್ಡಡ್ಡ ಕತ್ತರಿಸಬೇಕು. ಉದ್ದ ಡ್ರೈನ್‌ಗೆ ಇಳಿಜಾರು, ಮೇಸ್ತ್ರಿಗಳ ಮಾತಿನಲ್ಲಿ ವಾಟ, ಒಂದೇ ದಿಕ್ಕಿಗೆ ಸಾಕು. ಶವರ್ ಜಾಗದ ಅಂಚಿಗೆ ಕಟ್ಟೆ ಕಟ್ಟುವ ಅಗತ್ಯವೂ ಇರುವುದಿಲ್ಲ. ಮಂಡಿನೋವಿನ ಅತ್ತೆ, ಊರುಗೋಲಿನ ಅಜ್ಜ ಇರುವ ಮನೆಯಲ್ಲಿ ಎಡವಲು ಒಂದು ಮೆಟ್ಟಿಲು ಕಡಿಮೆಯಾಗುವುದು ದೊಡ್ಡ ವಿಷಯ. ಕುರ್ಚಿಯಲ್ಲಿ ಕೂತು ವುಝೂ ಮಾಡುವವರಿಗೂ ಸುಲಭ. ಜಾಲರಿಯ ಸಂದು ಕಿರಿದಾಗಿರಲಿ, ಊರುಗೋಲಿನ ತುದಿ ಸಿಕ್ಕಿಕೊಳ್ಳಬಾರದು.

ವಾಟ ಒಂದು ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ ಇರಲಿ. ನಾಲ್ಕು ಅಡಿಗೆ ಒಂದು ಇಂಚು. ಇದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ತೀರಾ ಹೆಚ್ಚಾದರೆ ಕಾಲು ಜಾರುತ್ತದೆ.

ಕೊಳ್ಳುವಾಗ ಮೊದಲು ಡ್ರೈನನ್ನು ತಿರುಗಿಸಿ ಕೆಳಭಾಗ ನೋಡಿ. ಎರಡಡಿಯ ಹೊಳೆಯುವ ಜಾಲರಿಯ ಕೆಳಗೆ ನೀರು ಹೋಗುವ ಬಾಯಿ ಸಣ್ಣದಿದ್ದರೆ ಉದ್ದದಿಂದ ಏನೂ ಪ್ರಯೋಜನವಿಲ್ಲ. ಶವರ್‌ನಿಂದ ನಿಮಿಷಕ್ಕೆ ಸುಮಾರು ಎಂಟು-ಹತ್ತು ಲೀಟರ್ ಬಂದರೆ, ನಾವು ಒಂದು ಬಕೆಟ್ ನೀರನ್ನು ಒಮ್ಮೆಲೇ ಚೆಲ್ಲುವುದುಂಟು. ಎರಡನೆಯದಾಗಿ, ವಾಸನೆ ತಡೆಯುವ ಟ್ರ್ಯಾಪ್. ಕೊಳವೆಯ ಬಾಗಿನಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನು ತಡೆಯುತ್ತದೆ. ಆ ನೀರು ಎರಡು ಇಂಚು ಆಳ ಇದ್ದರೆ ಒಳ್ಳೆಯದು. ಕಡಿಮೆ ಎತ್ತರದ ಕೆಲವು ಡ್ರೈನ್‌ಗಳಲ್ಲಿ ಒಂದು ಇಂಚೂ ಇರುವುದಿಲ್ಲ. ಈದ್‌ಗೆ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬರುವಷ್ಟರಲ್ಲಿ ಅದು ಒಣಗಿ ಮನೆಯೆಲ್ಲ ನಾರುತ್ತದೆ. ಮೂರನೆಯದು ಕೂದಲು. ನಮ್ಮ ಮನೆಗಳಲ್ಲಿ ಡ್ರೈನ್ ಕಟ್ಟುವುದು ಹೆಚ್ಚಾಗಿ ಇದರಿಂದಲೇ. ಜಾಲರಿ ಮತ್ತು ಒಳಗಿನ ಕಪ್ ನೀವೇ ಕೈಯಿಂದ ಎತ್ತಿ ತೊಳೆಯುವಂತಿರಬೇಕು. ಅಂಗಡಿಯಲ್ಲಿಯೇ ಎತ್ತಿ ನೋಡಿ, ಸಂಕೋಚ ಬೇಡ.

ಸ್ಟೀಲ್ 304 ದರ್ಜೆಯದಾಗಿರಲಿ. ಅಗ್ಗದ 202 ದರ್ಜೆಯಲ್ಲಿ ನಿಕ್ಕೆಲ್ ಕಡಿಮೆ, ಬೇಗ ತುಕ್ಕು ಹಿಡಿಯುತ್ತದೆ. ಅಯಸ್ಕಾಂತ ಇಟ್ಟು ಪರೀಕ್ಷಿಸಿ ಎನ್ನುವವರ ಮಾತು ನಂಬಬೇಡಿ. ಸಾಮಾನ್ಯವಾಗಿ ಎರಡಕ್ಕೂ ಅದು ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ. ಅಂಗಡಿಯ ಅಳತೆ ಹೊಂದದಿದ್ದರೆ ಪೀಣ್ಯದಲ್ಲಿ ಸ್ಟೀಲ್ ತಗಡು ಕತ್ತರಿಸಿ ಬಗ್ಗಿಸಿಕೊಡುವ ಶೆಡ್‌ಗಳಿವೆ. ಅಲ್ಲಿ ಮಾಡಿಸುವುದಾದರೆ ಸುತ್ತಲೂ ಎರಡು ಇಂಚಿನಷ್ಟು ಚಪ್ಪಟೆ ಅಂಚು ಬಿಡಲು ಹೇಳಿ. ಆ ಅಂಚು ಯಾಕೆಂದು ಮುಂದೆ ಹೇಳುತ್ತೇನೆ.

ಇನ್ನು ಮುಖ್ಯ ವಿಷಯ. ಟೈಲ್ಸ್ ಹಾಕಿದರೆ ನೀರು ಇಳಿಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಟೈಲ್ಸ್ ನೀರು ಕುಡಿಯದಿರಬಹುದು, ಆದರೆ ಅವುಗಳ ನಡುವಿನ ಸಂದು ಕುಡಿಯುತ್ತದೆ. ಐದು ಹೊತ್ತಿನ ವುಝೂ, ಸ್ನಾನ, ಬಟ್ಟೆ ಒಗೆಯುವುದು ಎಲ್ಲ ಸೇರಿ ಆರು ಜನರ ಮನೆಯ ಬಚ್ಚಲು ಒಣಗುವುದೇ ಅಪರೂಪ. ಹಾಗೆ ಇಳಿದ ನೀರು ಕೆಳಗೆ ಹೋಗದಂತೆ ತಡೆಯುವುದು ಟೈಲ್ಸ್ ಅಡಿಯ ವಾಟರ್‌ಪ್ರೂಫ್ ಲೇಪನ ಮಾತ್ರ. ಸಿಮೆಂಟಿಗೆ ಬೆರೆಸುವ ವಾಟರ್‌ಪ್ರೂಫ್ ದ್ರಾವಣ ಈ ಲೇಪನಕ್ಕೆ ಬದಲಿಯಲ್ಲ. ಸಿಮೆಂಟು ಬಿರುಕು ಬಿಟ್ಟರೆ ಅದು ಏನೂ ಮಾಡಲಾರದು.

ನಮ್ಮಲ್ಲಿ ಬಚ್ಚಲಿನ ಆರ್‌ಸಿಸಿಯನ್ನು ಹೆಚ್ಚಾಗಿ ಒಂದಡಿಯಷ್ಟು ತಗ್ಗಿಸಿ, ಪೈಪು ಹಾಸಿ, ಇಟ್ಟಿಗೆ ಚೂರು ತುಂಬುತ್ತಾರೆ. ನೀರು ಅದರೊಳಗೆ ಸೇರಿದರೆ ಅದೇ ಒಂದು ತೊಟ್ಟಿ. ವರ್ಷಗಟ್ಟಲೆ ನಿಂತು, ಕಬ್ಬಿಣದ ಕಂಬಿಗೆ ತುಕ್ಕು ಹಿಡಿಸಿ, ಕೆಳಗಿನ ಫ್ಯಾನಿನ ವೈರಿನವರೆಗೂ ಇಳಿಯುತ್ತದೆ. ಆದ್ದರಿಂದ ಲೇಪನ ಎರಡು ಸಲ ಆಗಬೇಕು: ತುಂಬುವ ಮೊದಲು ತಗ್ಗಿನೊಳಗೆ ಒಮ್ಮೆ, ತುಂಬಿ ಗಾರೆ ಹಾಕಿದ ಮೇಲೆ ಟೈಲ್ಸ್‌ಗೆ ಮೊದಲು ಇನ್ನೊಮ್ಮೆ. ಪುಡಿ ಮತ್ತು ದ್ರಾವಣ ಕಲಸಿ ಬಳಿಯುವ ಪಾಲಿಮರ್ ಲೇಪನ ಸಾಮಾನ್ಯ ಮನೆಗೆ ಸಾಕು. ಪ್ರತಿ ಸಲವೂ ಎರಡು ಕೋಟ್, ಎರಡನೆಯದು ಮೊದಲನೆಯದಕ್ಕೆ ಅಡ್ಡವಾಗಿ. ಗೋಡೆ-ನೆಲ ಸೇರುವ ಮೂಲೆಗಳಲ್ಲಿ ಫೈಬರ್ ಬಲೆ ಕೂರಿಸಬೇಕು. ಶವರ್ ಇರುವ ಗೋಡೆಗೆ ಆರಡಿ ಎತ್ತರದವರೆಗೆ ಬಳಿಯಲಿ, ಕಟ್ಟೆ ಇಲ್ಲದ ಶವರ್ ಆದರೆ ಇಡೀ ಬಚ್ಚಲಿನ ನೆಲಕ್ಕೂ, ಹೊಸ್ತಿಲವರೆಗೆ.

ವಾಟವನ್ನು ಈ ಗಾರೆಯಲ್ಲೇ ಕೊಡಬೇಕು. ಟೈಲ್ಸ್ ಅಂಟಿಸುವಾಗ ಸರಿಮಾಡಿಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಸಂದಿನಿಂದ ಇಳಿದ ನೀರೂ ಲೇಪನದ ಮೇಲೆ ಹರಿದು ಡ್ರೈನ್ ಸೇರಬೇಕಲ್ಲ! ಹಾಗೆಯೇ ಡ್ರೈನನ್ನು ಎರಡನೇ ಲೇಪನಕ್ಕೆ ಮೊದಲೇ ಕೂರಿಸಿ, ಅದರ ಚಪ್ಪಟೆ ಅಂಚಿನ ಮೇಲೆ ಬಲೆ ಇಟ್ಟು ಲೇಪನವನ್ನು ಹತ್ತಿಸಬೇಕು. ಸ್ಟೀಲೂ ಗಾರೆಯೂ ಸೇರುವ ಈ ಗೆರೆಯಲ್ಲೇ ಸೋರಿಕೆ ಶುರುವಾಗುವುದು ಹೆಚ್ಚು. ಅಂಚಿಲ್ಲದ ಡ್ರೈನಿಗೆ ಲೇಪನ ಹಿಡಿಯಲು ಜಾಗವೇ ಇರುವುದಿಲ್ಲ.

ಇಷ್ಟೆಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಇಂಜಿನಿಯರ್ ಬೇಕಿಲ್ಲ. ಲೇಪನ ಚೆನ್ನಾಗಿ ಒಣಗಿದ ಮೇಲೆ, ಡಬ್ಬದ ಮೇಲೆ ಬರೆದಷ್ಟು ದಿನ ಬಿಟ್ಟು, ಬಾಗಿಲಿಗೆ ಅಡ್ಡ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ. ಡ್ರೈನಿನ ಬಾಯಿಗೆ ಮೇಲಿನಿಂದ ಬಟ್ಟೆ ತುರುಕಿ ಗಾರೆ ಮೆತ್ತಿದರೆ ಆ ಅಂಚಿನ ಪರೀಕ್ಷೆಯೇ ಆಗುವುದಿಲ್ಲ. ಒಳಗಿನ ಪೈಪನ್ನು ಮುಚ್ಚಬೇಕು. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲಿ ನೇರ ಅಂಚಿನ ಒಂದು ಪಾತ್ರೆಯಲ್ಲೂ ನೀರಿಟ್ಟು ಗುರುತು ಹಾಕಿ. ಎರಡು ದಿನದ ನಂತರ ಪಾತ್ರೆಯಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಅದು ಆವಿಯಾದದ್ದು, ಹೆಚ್ಚು ಇಳಿದಿದ್ದರೆ ಸೋರಿಕೆ. ಕೆಳಗಿನ ಸೀಲಿಂಗನ್ನೂ ಹೋಗಿ ನೋಡಿ. ಟೈಲ್ಸ್‌ನವರು ಕಾಯುತ್ತಿದ್ದಾರೆ ಎಂದು ಗಂಡಸರು ಅವಸರ ಮಾಡಿದರೂ ಈ ಎರಡು ದಿನ ಬಿಟ್ಟುಕೊಡಬೇಡಿ. ಟೈಲ್ಸ್ ಬಿದ್ದ ಮೇಲೆ ತಪ್ಪು ಸಿಕ್ಕರೆ ಎಲ್ಲವನ್ನೂ ಒಡೆಯಬೇಕು.

ಪರೀಕ್ಷೆ ಮುಗಿದ ಮೇಲೆ ಯಾರೂ ನೆಲಕ್ಕೆ ಡ್ರಿಲ್ ಹಾಕದಂತೆ ನೋಡಿಕೊಳ್ಳಿ. ಕಮೋಡಿನ ಸ್ಕ್ರೂ, ಗ್ಲಾಸ್ ಬಾಗಿಲಿನ ಬ್ರಾಕೆಟ್ ಒಂದೊಂದೂ ಲೇಪನದಲ್ಲಿ ಒಂದು ತೂತು. ಎಲ್ಲಿ ಬರುತ್ತದೆಂದು ಮೊದಲೇ ಗುರುತಿಸಿದ್ದರೆ ಅಲ್ಲಿ ಸೀಲ್ ಮಾಡಬಹುದು.

2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಆರಂಭವಾಯಿತಾದರೂ ಇನ್ನೂ ಬೋರ್‌ವೆಲ್ ನೀರನ್ನೇ ಬಳಸುವ ಮನೆಗಳಿವೆ. ಆ ಗಡಸು ನೀರಿನ ಬಿಳಿ ಕಲೆಗೆ ಆಸಿಡ್ ಸುರಿಯುವ ಅಭ್ಯಾಸ ಬಿಡಿ. ಅದು 304 ಸ್ಟೀಲನ್ನೂ ತಿನ್ನುತ್ತದೆ, ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಸ್ಟೀಲ್ ಜಾಲರಿಗೆ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬ್ರಷ್‌ನಿಂದ ಉಜ್ಜಿ, ತಕ್ಷಣ ನೀರು ಹಾಕಿ ತೊಳೆಯಿರಿ.