ಬ್ಯಾಟರಿಯ ಹೊಟ್ಟೆ ಅಳೆಯದೆ ಬದಲಿಸಬೇಡಿ



ಮುಂಬಯಿ-ಆಗ್ರಾ ಹೆದ್ದಾರಿಯ ಪಿಂಪಳಗಾಂವ್ ಬಸವಂತದಲ್ಲಿ ಹೊಟೇಲು ನಡೆಸುವ ನಮಗೆ ಮಾರ್ಕೆಟಿನ ಗಿರಾಕಿಯೇ ದೊಡ್ಡ ಆಧಾರ. ಕಳೆದ ಟೊಮೆಟೊ ಸೀಸನ್‌ನಲ್ಲಿ ಒಂದು ಸಂಜೆ ಟೇಬಲು ಭರ್ತಿಯಿದ್ದಾಗ ಕರೆಂಟು ಹೋಯಿತು. ಇನ್ವರ್ಟರಿನಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು. ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಕತ್ತಲೆ. ಬಿಲ್ ಮೆಶಿನ್ ನಿಂತಿತು. ಕೆಲವರು ದುಡ್ಡು ಕೊಡದೆಯೇ ಎದ್ದು ಹೋದರು.

ಮರುದಿನ ಬಂದ ಮೆಕ್ಯಾನಿಕ್ ವೋಲ್ಟೇಜ್ ನೋಡಿ, "12.6 ಇದೆ, ಬ್ಯಾಟರಿ ಚೆನ್ನಾಗಿದೆ" ಎಂದ. ಅಂಗಡಿಯವರು, "ಎರಡನ್ನೂ ಕೊಡಿ, ಹೊಸ ಜೋಡಿ ಹಾಕುತ್ತೇವೆ" ಎಂದರು. ಇಬ್ಬರೂ ಅಳೆದು ಹೇಳಿದ ಮಾತಲ್ಲ.

ಹೂಳು ತುಂಬಿದ ಟಾಂಕಿಯನ್ನು ನೆನೆಯಿರಿ. ನೀರು ಅಂಚಿನವರೆಗೆ ಕಾಣುತ್ತದೆ, ನಾಲ್ಕು ಕೊಡ ತೆಗೆದರೆ ಖಾಲಿ. ಬ್ಯಾಟರಿಯ ವೋಲ್ಟೇಜ್ ತೋರಿಸುವುದು ಮಟ್ಟವನ್ನು ಮಾತ್ರ. ಒಳಗೆ ಎಷ್ಟು ಹಿಡಿಯುತ್ತದೆ ಎಂಬುದು ಖಾಲಿ ಮಾಡಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

2005ರ ಆಸುಪಾಸಿನ ಲೋಡ್ ಶೆಡ್ಡಿಂಗ್ ಕಾಲದಲ್ಲಿ ದಿನವೂ ಗಂಟೆಗಟ್ಟಲೆ ಕರೆಂಟು ಹೋಗುತ್ತಿತ್ತು. ಬ್ಯಾಟರಿ ಸೋತರೆ ಒಂದೇ ವಾರದಲ್ಲಿ ತಿಳಿಯುತ್ತಿತ್ತು. ಈಗ ಅಷ್ಟು ಹೋಗುವುದಿಲ್ಲ. ಆದ್ದರಿಂದ ಸೋತ ಬ್ಯಾಟರಿ ತಿಂಗಳುಗಟ್ಟಲೆ ಚೆನ್ನಾಗಿರುವಂತೆ ಕುಳಿತು, ರಶ್ಶಿನ ಹೊತ್ತಿಗೇ ಕೈಕೊಡುತ್ತದೆ.

ನಾವು ಮಾಡಿದ ಪರೀಕ್ಷೆ ಹೀಗೆ. 12 ವೋಲ್ಟಿನ, 150 ಆಂಪಿಯರ್-ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ, ಜೋಡಿ ಬಿಡಿಸಿ, ಕೆಲವು ಗಂಟೆ ಸುಮ್ಮನೆ ಬಿಟ್ಟೆವು. ರಾತ್ರಿ ಹೊಟೇಲು ಮುಚ್ಚಿದ ಮೇಲೆ ಒಂದೊಂದನ್ನೇ 12 ವೋಲ್ಟಿನ ಚಿಕ್ಕ ಇನ್ವರ್ಟರಿಗೆ ಹಾಕಿ, 100 ವ್ಯಾಟಿನ ಎರಡು ಹಳೇ ಮಾದರಿ ಬಲ್ಬು ಉರಿಸಿದೆವು. ಡಿ.ಸಿ. ಕ್ಲಾಂಪ್ ಮೀಟರಿನಲ್ಲಿ ಸುಮಾರು 20 ಆಂಪಿಯರ್ ತೋರಿಸಿತು. ವೋಲ್ಟೇಜ್ 10.5ಕ್ಕೆ ಇಳಿದ ಕೂಡಲೇ ನಿಲ್ಲಿಸಿದೆವು. ಒಂದು ಬ್ಯಾಟರಿ ಐದೂವರೆ ಗಂಟೆ ನಡೆಯಿತು. 20ರಿಂದ ಗುಣಿಸಿದರೆ 110. ಇನ್ನೊಂದು ಮೂರು ಗಂಟೆಯೂ ನಿಲ್ಲಲಿಲ್ಲ. ಕೆಟ್ಟದ್ದು ಒಂದೇ, ಆದರೆ ಅದು ಜೋಡಿಯನ್ನೇ ಕೆಡವುತ್ತಿತ್ತು. ಮುಖ್ಯ ಇನ್ವರ್ಟರಿಗೆ ಹೊಸ ಜೋಡಿ ತಂದೆವು. ಒಳ್ಳೆಯದನ್ನು ಗುಜರಿಗೆ ಹಾಕದೆ ಗಲ್ಲಾದ ಇನ್ವರ್ಟರಿಗೆ ಇಟ್ಟುಕೊಂಡೆವು.

ಕೆಲವು ಎಚ್ಚರಿಕೆಗಳು. ಲೇಬಲಿನ 150 ಎಂಬುದು 20 ಗಂಟೆ ನಿಧಾನವಾಗಿ, ಅಂದರೆ ಏಳೂವರೆ ಆಂಪಿಯರಿನಂತೆ ತೆಗೆದಾಗಿನ ಲೆಕ್ಕ. ವೇಗವಾಗಿ ತೆಗೆದರೆ ಹೊಸದೂ ಅಷ್ಟು ಕೊಡುವುದಿಲ್ಲ. ಹಾಗಾಗಿ ಹೊಸ ಬ್ಯಾಟರಿ ತಂದು ಕೆಲವು ವಾರ ಓಡಿಸಿದ ಮೇಲೆ ಇದೇ ಪರೀಕ್ಷೆ ಮಾಡಿ, ಎಷ್ಟು ಗಂಟೆ ಬಂತೆಂದು ಅದರ ಮೈಮೇಲೆ ಪೇಂಟಿನಲ್ಲಿ ಬರೆದಿಡಿ. ಮುಂದೆ ಹೋಲಿಸಲು ಅದೇ ಅಳತೆಗೋಲು. ಪೂರ್ತಿ ಖಾಲಿ ಮಾಡುವುದು ಬ್ಯಾಟರಿಗೆ ಸವೆತ; ವರ್ಷಕ್ಕೊಮ್ಮೆ ಸಾಕು. ಪರೀಕ್ಷೆ ಮುಗಿದ ತಕ್ಷಣ ಚಾರ್ಜಿಗೆ ಹಾಕಿ. ಚಾರ್ಜಾಗುವಾಗ ಬೆಂಕಿ ಹತ್ತುವ ಗ್ಯಾಸು ಬರುತ್ತದೆ. ಒಲೆಯ ಹತ್ತಿರ ಬ್ಯಾಟರಿ ಇಡುವ ನಮ್ಮ ಅಭ್ಯಾಸವನ್ನು ಮೊದಲು ಬಿಡಬೇಕು.

ನಮ್ಮ ಕೋರಿಕೆ ಇಷ್ಟೇ: ಸಂಘವು ಊರಿಗೊಂದು ಡಿ.ಸಿ. ಕ್ಲಾಂಪ್ ಮೀಟರ್, ಒಂದು ಹೈಡ್ರೋಮೀಟರ್ ಕೊಂಡು ಸದಸ್ಯರಿಗೆ ಸರದಿಯಂತೆ ಕೊಡಲಿ. ಅಕ್ಕಿ, ಉದ್ದು ತೂಗಿ ತರುವ ನಾವು ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಮಾತು ನಂಬಿ ತರುವುದೂ ಬೇಡ, ಮಾತು ನಂಬಿ ಎಸೆಯುವುದೂ ಬೇಡ.